ಸಹಾಯ ಬೇಕು: ಚೀನೀ ಬಟ್ಟಲಿನ ಮೇಲಿನ ಅಕ್ಷರ ಓದಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಹಾಂಗ್‌ಕಾಂಗ್‌ನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಸೋದರಮಾವ ತಂದಿದ್ದ ನೀಲಿ-ಬಿಳಿ ಪಿಂಗಾಣಿ ಬಟ್ಟಲೊಂದು ಮನೆಯಲ್ಲಿದೆ. ಕೆಳಗೆ ಎತ್ತರದ ಕಾಲು, ಸುತ್ತ ತಾವರೆ ಬಳ್ಳಿ, ಅಂಚಿನ ಕೆಳಗೆ ಒಂದು ಸಾಲು ಅಕ್ಷರ. ಇಷ್ಟು ದಿನ ಅದರಲ್ಲಿ ಸುಮ್ನೆ ಕೀಲಿಕೈ ಹಾಕಿಡುತ್ತಿದ್ದೆವು!

ಇಂಥ ಬಟ್ಟಲುಗಳನ್ನು ಬೌದ್ಧರ ಪೂಜೆಗೂ ಬಳಸುತ್ತಿದ್ದರು ಅಂತ ಈಗ ಗೊತ್ತಾಯಿತು. ಚೀನಾದ ಮಿಂಗ್ ವಂಶದ ದೊರೆ ಶ್ವಾನ್‌ದೆ ಕಾಲದಲ್ಲಿ (1426-1435) ಪಿಂಗಾಣಿಗೆ ಹೆಸರಾದ ಜಿಂಗ್‌ದೆಝೆನ್ ಊರಿನ ಅರಮನೆ ಗೂಡುಗಳಲ್ಲಿ ಸುಟ್ಟವು ತುಂಬಾ ಹೆಸರುವಾಸಿ. ಕೋಬಾಲ್ಟ್ ಬಣ್ಣದಿಂದ ಬರೆದು, ಮೇಲೆ ಗಾಜಿನಂಥ ಲೇಪ ಕೊಟ್ಟು ಸುಡುತ್ತಿದ್ದರು. ಕೆಲವುಗಳ ಮೇಲೆ ಟಿಬೆಟನ್ ಭಾಷೆಯಲ್ಲಿ ‘ಹಗಲೂ ಒಳಿತಾಗಲಿ, ರಾತ್ರಿಯೂ ಒಳಿತಾಗಲಿ’ ಎಂಬ ಹಾರೈಕೆ ಇರುತ್ತದೆ. ಟಿಬೆಟ್‌ನ ಲಾಮಾಗಳ ಜೊತೆ ಮಿಂಗ್ ಅರಮನೆಗೆ ಅಷ್ಟು ಒಡನಾಟ ಇತ್ತು.

ಆದರೆ ನಮ್ಮದರ ಅಕ್ಷರ ಟಿಬೆಟನ್ ಥರ ಕಾಣುವುದಿಲ್ಲ. ತಲೆ ದಪ್ಪ, ಕಾಲು ಉದ್ದ. ಲಾಂಟ್ಸಾ ಲಿಪಿ ಇರಬಹುದೇ? ಸಂಸ್ಕೃತ ಮಂತ್ರ ಬರೆಯಲು ಬೌದ್ಧರು ಬಳಸುವ ಲಿಪಿ ಅದು. ನಮ್ಮ ಕನ್ನಡದ ಹಾಗೆ ಬ್ರಾಹ್ಮಿಯಿಂದಲೇ ಬಂದದ್ದು, ಆದರೂ ನನಗೆ ಒಂದಕ್ಷರ ಓದಲಾಗುತ್ತಿಲ್ಲ ನೋಡಿ.

ತಳದಲ್ಲಿ ಶ್ವಾನ್‌ದೆ ಕಾಲದ ಆರಕ್ಷರದ ಮುದ್ರೆಯೂ ಇದೆ. ಅದನ್ನು ನಾನು ನಂಬಿಲ್ಲ. ಆ ಮುದ್ರೆಯನ್ನು ನೂರಾರು ವರ್ಷಗಳಿಂದ ನಕಲು ಮಾಡುತ್ತಲೇ ಬಂದಿದ್ದಾರೆ. ಬೆಲೆ ಕೇಳುತ್ತಿಲ್ಲ, ಮಾರುವುದೂ ಇಲ್ಲ. ಏನು ಬರೆದಿದೆ ಅಂತ ಗೊತ್ತಾದರೆ ಸಾಕು.

ಬೈಲಕುಪ್ಪೆ ಕಡೆಯವರು, ಅಲ್ಲಿನ ಮಠಗಳ ಪರಿಚಯ ಇರುವವರು ಇದ್ದರೆ ದಯವಿಟ್ಟು ತಿಳಿಸಿ. ಬಟ್ಟಲು ತಿರುಗಿಸುತ್ತಾ ತೆಗೆದ ಎಂಟು ಫೋಟೋ ಹಾಕಿದ್ದೇನೆ. ಸಾಲು ಎಲ್ಲಿಂದ ಶುರುವಾಗುತ್ತದೆ ಅನ್ನುವುದೇ ತಿಳಿಯುತ್ತಿಲ್ಲ, ಅದನ್ನಾದರೂ ಮೊದಲು ಹೇಳಿ.