ಕ್ಯಾವಿಟಿ ಕತ್ತರಿಸದೆ ಒಳಗಿನ ಹೊಂಡ ಅಳೆಯೋದು ಹೇಗೆ?

ಪ್ರಶ್ನೆ: ನಮ್ಮ 1.3 ಗಿಗಾಹರ್ಟ್ಸ್ ನಯೋಬಿಯಂ ಕ್ಯಾವಿಟಿ (ಕಣ ವೇಗವರ್ಧಕದಲ್ಲಿ ರೇಡಿಯೋ ಅಲೆಯಿಂದ ಕಣಗಳಿಗೆ ವೇಗ ಕೊಡುವ ಟೊಳ್ಳು ಲೋಹದ ಪಾತ್ರೆ; ನಮ್ಮದು ಒಂದೇ ಸೆಲ್, ಅಂದರೆ ಒಂದೇ ಉಬ್ಬಿನದು) 2 ಕೆಲ್ವಿನ್ ಟೆಸ್ಟ್‌ನಲ್ಲಿ ಬೇಗ ಕ್ವೆಂಚ್ ಆಗುತ್ತಿದೆ, ಅಂದರೆ ಸೂಪರ್‌ಕಂಡಕ್ಟರ್ ಗುಣ ಕಳೆದುಕೊಳ್ಳುತ್ತಿದೆ. ಕ್ಯಾಮೆರಾ ಇಳಿಸಿ ನೋಡಿದರೆ ಈಕ್ವೇಟರ್ ವೆಲ್ಡ್ (ಸೆಲ್‌ನ ಅತಿ ಅಗಲದ ನಡುಭಾಗದ ಬೆಸುಗೆ) ಪಕ್ಕ ಒಂದು ಹೊಂಡ ಕಾಣುತ್ತದೆ. ಕನ್‌ಫೋಕಲ್ ಲೇಸರ್ ಮೈಕ್ರೋಸ್ಕೋಪ್ (ಮೇಲ್ಮೈಯ ಏರುತಗ್ಗು ಅಳೆಯುವಂಥದ್ದು) ಬಳಸಲು ಸಿಗುತ್ತದೆ, ಆದರೆ ಕ್ಯಾವಿಟಿ ಕತ್ತರಿಸುವಂತಿಲ್ಲ. ಯಾರಾದರೂ ಮಾಡಿದ್ದೀರಾ?

ಉತ್ತರ: ಮಾಡಿದ್ದೇವೆ. ಐರಿಸ್ (ಸೆಲ್‌ನ ತುದಿಯ ಕಿರಿದಾದ ಬಾಯಿ) ತೂತು 70 ಮಿಲಿಮೀಟರ್ ಆಸುಪಾಸು ಅಲ್ವಾ, ಮೈಕ್ರೋಸ್ಕೋಪ್ ಒಳಗೆ ಹೋಗುವುದಿಲ್ಲ, ಹಾಗಾಗಿ ಹೊಂಡದ ಅಚ್ಚನ್ನೇ ಹೊರಗೆ ತರಬೇಕು. ಹೊಂಡ ಕೆಳಗೆ ಬರುವಂತೆ ಕ್ಯಾವಿಟಿ ಮಲಗಿಸಿ, ಎರಡು ಭಾಗ ಬೆರೆಸುವ ಸಿಲಿಕೋನ್ ಸುರಿದು, ಗಟ್ಟಿಯಾದ ಮೇಲೆ ಮೆಲ್ಲಗೆ ಎಳೆದುಕೊಳ್ಳಿ. ಗುಳ್ಳೆ ಕೂತರೆ ಅಚ್ಚು ದಂಡ. ಅಚ್ಚಿನಲ್ಲಿ ಹೊಂಡ ಉಬ್ಬಾಗಿ ಬರುತ್ತದೆ, ಸಾಫ್ಟ್‌ವೇರ್‌ನಲ್ಲಿ ತಿರುಗಿಸಿಕೊಳ್ಳಿ. ಪಾರದರ್ಶಕ ಸಿಲಿಕೋನ್ ಬೇಡ, ಬೆಳಕು ಒಳಗೆ ಇಳಿದು ಎತ್ತರದ ಲೆಕ್ಕ ಕೆಡುತ್ತದೆ. ಇನ್ನೊಂದು, ಕಡಿದಾದ ಗೋಡೆಯಿಂದ ಬೆಳಕು ಸರಿಯಾಗಿ ವಾಪಸ್ ಬರುವುದಿಲ್ಲ, ಆಗ ಸಾಫ್ಟ್‌ವೇರ್ ಸುಮ್ನೆ ನಡುವೆ ಗೆರೆ ಎಳೆದು ನುಣುಪಾಗಿ ತೋರಿಸಿಬಿಡುತ್ತದೆ! ಕಚ್ಚಾ ಡೇಟಾ ನೋಡದೆ ನಂಬಬೇಡಿ. ಮೊದಲು ಬೇಡದ ನಯೋಬಿಯಂ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಿ.

ಇನ್ನೊಬ್ಬರು: ಅದಕ್ಕೂ ಮುಂಚೆ, ಆ ಹೊಂಡವೇ ಕಳ್ಳ ಅಂತ ಗ್ಯಾರಂಟಿ ಇದೆಯಾ? ಹೊರಗೆ ಥರ್ಮಾಮೀಟರ್ ಸಾಲು ಕಟ್ಟಿ, ಎಲ್ಲಿ ಬಿಸಿಯಾಗುತ್ತದೆ ಅಂತ ಹೊಂದಿಸಿ ನೋಡಿ. ಏನೂ ಮಾಡದೆ ಸುಮ್ಮನಿರುವ ಹೊಂಡಗಳೂ ಇರುತ್ತವೆ. ಅಳೆಯುವಾಗ ಎಲ್ಲರೂ ಆಳ ನೋಡುತ್ತಾರೆ. ನನಗೆ ಅಂಚು ಎಷ್ಟು ಚೂಪು ಅನ್ನೋದೇ ಮುಖ್ಯ. ಹೊಂಡದ ಅಗಲ ಅಷ್ಟೇ ಇದ್ದು ಅಂಚಿನ ತ್ರಿಜ್ಯ ಎಂಟರಲ್ಲೊಂದು ಭಾಗ ಆದರೆ, ಅಲ್ಲಿ ಕಾಂತಕ್ಷೇತ್ರ ಅಂದಾಜು ಎರಡು ಪಟ್ಟು ಆಗುತ್ತದೆ. ಕ್ವೆಂಚ್ ಶುರುವಾಗುವುದೇ ಅಲ್ಲಿ.

ಮತ್ತೊಬ್ಬರು: ಅಮೆರಿಕದ ವೇಗವರ್ಧಕ ಪ್ರಯೋಗಾಲಯ ಜೆಫರ್ಸನ್ ಲ್ಯಾಬ್‌ನ ಲೇಸರ್ ಸ್ಕ್ಯಾನಿಂಗ್ ಬಗ್ಗೆ ಓದಿ ಇದೇ ಅಂದುಕೊಳ್ಳಬೇಡಿ, ಅದು ಬೇರೆ. ಅಲ್ಲಿ ತಣ್ಣಗಿರುವ ನಯೋಬಿಯಂ ಮೇಲೆ ಲೇಸರ್ ಆಡಿಸಿ ಚುಕ್ಕೆಯಷ್ಟು ಜಾಗ ಬಿಸಿ ಮಾಡಿ, ಆರ್‌ಎಫ್ (ರೇಡಿಯೋ ಅಲೆ) ನಷ್ಟ ಎಲ್ಲಿ ಜಾಸ್ತಿ ಅಂತ ನಕ್ಷೆ ತೆಗೆಯುತ್ತಾರೆ. ಹೊಂಡದ ಆಕಾರ ಅದರಲ್ಲಿ ಸಿಗುವುದಿಲ್ಲ. ನಿಮಗೆ ಅಚ್ಚೇ ಸರಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಸಿಲಿಕೋನ್ ಅಂಟು ಒಳಗೆ ಉಳಿದರೆ?

ಮೊದಲು ಉತ್ತರಿಸಿದವರು: ಉಳಿಯಬಹುದು. ಆರ್‌ಎಫ್ ಇಳಿಯುವುದು ಮೇಲಿನ 40 ನ್ಯಾನೋಮೀಟರ್‌ನಷ್ಟು ಪದರಕ್ಕೆ ಮಾತ್ರ, ತೆಳು ಜಿಡ್ಡೂ ಬೇಡ. ಅಲ್ಟ್ರಾಸಾನಿಕ್‌ನಲ್ಲಿ ತೊಳೆದು, ಆಮೇಲೆ ಅತಿ ಶುದ್ಧ ನೀರಿನ ಹೈ ಪ್ರೆಶರ್ ರಿನ್ಸ್ ಕೊಟ್ಟೇ ಮುಂದಿನ ಟೆಸ್ಟ್‌ಗೆ ಹೋಗಿ.