ಊರ ಪಕ್ಕದಲ್ಲಿ ಸೀಸದ ಕುಲುಮೆ ಬಂದರೆ ಮಕ್ಕಳ ಆರೋಗ್ಯಕ್ಕಾಗಿ ನಾವು ಏನು ಕೇಳಬೇಕು?

ಪ್ರಶ್ನೆ

ಕುಶಾಲನಗರದ ಕಡೆಯ ನಮ್ಮ ಊರಿನ ಪಕ್ಕದಲ್ಲಿ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸವನ್ನು ಕರಗಿಸಿ ತೆಗೆಯುವ ಕಾರ್ಖಾನೆಯೊಂದು ಬರಲಿದೆ ಎಂದು ಗ್ರಾಮಸಭೆಯಲ್ಲಿ ತಿಳಿಸಿದರು. ಆ ಜಾಗದ ಒಂದು ಬದಿಗೆ ಗದ್ದೆಗಳಿವೆ, ಇನ್ನೊಂದು ಬದಿಗೆ ಕಾಫಿ ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳು ಮತ್ತು ಅಂಗನವಾಡಿ ಇವೆ; ಮಳೆಗಾಲದಲ್ಲಿ ಅಲ್ಲಿಯ ನೀರೆಲ್ಲ ಹರಿದು ಕಾವೇರಿಯನ್ನು ಸೇರುತ್ತದೆ. ಚಿಮಣಿ ಎತ್ತರವಾಗಿರುತ್ತದೆ, ಹೊಗೆ ಮೇಲೆ ಹೋಗುತ್ತದೆ ಎಂಬುದಕ್ಕಿಂತ ಹೆಚ್ಚಿನ ಉತ್ತರ ನಮಗೆ ಸಿಗಲಿಲ್ಲ. ನನ್ನ ಮೊಮ್ಮಗಳು ಅದೇ ಅಂಗನವಾಡಿಗೆ ಹೋಗುತ್ತಾಳೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1

ಹಿರಿಯರೇ, ಹೊಗೆಯನ್ನಷ್ಟೇ ನೋಡಬೇಡಿ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಾದರೂ ಬ್ಯಾಟರಿಯೊಳಗಿನ ಸೀಸದ ಲವಣದಿಂದ ಲೋಹವನ್ನು ಬೇರ್ಪಡಿಸಲು ಕುಲುಮೆಯನ್ನು ಅದಕ್ಕಿಂತ ಎಷ್ಟೋ ಹೆಚ್ಚು ಕಾಯಿಸಬೇಕಾಗುತ್ತದೆ. ಆಗ ಏಳುವ ಸೀಸದ ಆವಿ ತಣಿದು ನುಣ್ಣನೆಯ ಧೂಳಾಗಿ, ಸರಿಯಾಗಿ ಸೋಸದಿದ್ದರೆ ಸುತ್ತಲಿನ ನೆಲದ ಮೇಲೆ ಕೂರುತ್ತದೆ. ಅದು ಕೊಳೆಯುವ ವಸ್ತುವಲ್ಲ, ದಶಕಗಟ್ಟಲೆ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದೂ, ರಕ್ತದಲ್ಲಿ ಇಷ್ಟಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ತಿಳಿದಿಲ್ಲ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿನ ಕಲಿಕೆ, ಗಮನ ಮತ್ತು ನಡವಳಿಕೆಗೆ ಆಗುವ ಹಾನಿ ಮತ್ತೆ ಸರಿಹೋಗದಿರಬಹುದು. ತಾಯಿಯ ಮೂಳೆಯಲ್ಲಿ ಸೇರಿಕೊಂಡ ಸೀಸ ಬಸಿರಿನಲ್ಲಿ ರಕ್ತಕ್ಕೆ ಬಿಡುಗಡೆಯಾಗಿ ಶಿಶುವನ್ನು ತಲುಪುತ್ತದೆ.

ಆದ್ದರಿಂದ ನಿಮ್ಮ ಮೊದಲ ಬೇಡಿಕೆ ಕಾರ್ಖಾನೆಯ ಅಡಿಪಾಯಕ್ಕಿಂತ ಮುಂಚಿನದಾಗಿರಲಿ. ಅಂಗನವಾಡಿ ಮಕ್ಕಳ ರಕ್ತ, ಬಾವಿಗಳ ನೀರು, ಗದ್ದೆ ಮತ್ತು ಆಟದ ಬಯಲಿನ ಮಣ್ಣು ಇವುಗಳಲ್ಲಿ ಸೀಸ ಎಷ್ಟಿದೆ ಎಂದು ಈಗಲೇ ಅಳೆದು ದಾಖಲಿಸಬೇಕು. ಈ ದಾಖಲೆ ಇಲ್ಲದಿದ್ದರೆ, ಹತ್ತು ವರ್ಷಗಳ ನಂತರ ಏನು ಕಂಡುಬಂದರೂ ‘ಮೊದಲೇ ಇತ್ತು’ ಎನ್ನುವವರಿಗೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಉತ್ತರ 2

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಸುವುದಿದ್ದರೆ ಕನಿಷ್ಠ 30 ದಿನ ಮುಂಚೆ ತಿಳಿಸಬೇಕು ಮತ್ತು ಕಾರ್ಖಾನೆಯಿಂದ ಪರಿಸರಕ್ಕೆ ಆಗುವ ಪರಿಣಾಮದ ಅಧ್ಯಯನ ವರದಿಯ ಸಾರಾಂಶ ಕನ್ನಡದಲ್ಲಿಯೂ ಸಿಗಬೇಕು. ಆದರೆ ಅನುಮೋದಿತ ಕೈಗಾರಿಕಾ ಪ್ರದೇಶದೊಳಗಿನ ಘಟಕಗಳಿಗೆ ಈ ಸಭೆಯಿಂದ ವಿನಾಯಿತಿ ಇರುವುದರಿಂದ, ಈ ಜಾಗ ಅಂತಹ ಪ್ರದೇಶದಲ್ಲಿದೆಯೇ ಎಂದು ತಿಳಿಯಲು ಅದರ ಸರ್ವೆ ನಂಬರನ್ನು ಮೊದಲು ಖಚಿತಪಡಿಸಿಕೊಳ್ಳಿ. ಇಂತಹ ಅಧ್ಯಯನಗಳಿಗೆ ಸಾಮಾನ್ಯವಾಗಿ ಮಳೆಗಾಲವನ್ನು ಬಿಟ್ಟು ಒಂದು ಋತುವಿನ ಮಾಪನವನ್ನಷ್ಟೇ ಕೇಳುತ್ತಾರೆ. ಜೂನ್‌ನಿಂದ ಬಿಡದೆ ಸುರಿಯುವ ಕೊಡಗಿನಲ್ಲಿ ಮಳೆಗಾಲವನ್ನೇ ಕೈಬಿಟ್ಟ ಲೆಕ್ಕವನ್ನು ನಾನಂತೂ ಒಪ್ಪಲಾರೆ.

ಉತ್ತರ 3

ಹಳೆಯ ಬ್ಯಾಟರಿಗಳನ್ನು ಎಲ್ಲಾದರೂ ಕರಗಿಸಲೇಬೇಕು, ಗುಜರಿಯವರು ಹಿತ್ತಲಲ್ಲಿ ಕರಗಿಸುವುದು ಇದಕ್ಕಿಂತ ಕೇಡು ಎಂಬುದನ್ನೂ ನೆನಪಿಡೋಣ. ನನ್ನ ತಕರಾರು ಜಾಗದ ಬಗ್ಗೆ. ಅಲ್ಲದೆ ಲೈನ್ ಮನೆಯವರೇ ಕೆಲಸಕ್ಕೆ ಸೇರಿದರೆ ಬಟ್ಟೆಯ ಧೂಳು ಮನೆಗೇ ಬರುತ್ತದೆ. ಸ್ನಾನ, ಬಟ್ಟೆ ಒಗೆತ ಎರಡೂ ಕಾರ್ಖಾನೆಯಲ್ಲೇ ಆಗಬೇಕೆಂದು ಬರೆಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಸರ್ವೆ ನಂಬರ್ ತಿಳಿಯಲು ನಾಳೆಯೇ ಪಂಚಾಯಿತಿಗೆ ಹೋಗುತ್ತೇನೆ. ರಕ್ತಪರೀಕ್ಷೆಯ ಮನವಿಗೆ ಲೈನ್ ಮನೆಗಳ ತಾಯಂದಿರ ಸಹಿಯನ್ನೂ ಪಡೆಯುತ್ತೇವೆ.