ಲಾಸ್ ಕೇಸ್ ಮಾವ

"ಸರ್ಕಾರಿ ದವಾಖಾನಿ ಸರ್ಕಾರಕ್ಕೇ ಬಿಲ್ ಕಳಿಸುತ್ತದಂತೆ, ಖರೇನಾ ಕಾಕಾ?" ಕಾಶಿ ಕೇಳಿದ. ತೊಗರಿ ದಲಾಲಿ ಮಾಡುವವನು. ಬಿಲ್ ಅಂದ ಕೂಡಲೇ ಅವನ ಕಿವಿ ನೆಟ್ಟಗಾಗುತ್ತದೆ.

"ಖರೆ" ಅಂದರು ಪಾಟೀಲ ಕಾಕಾ. ತಾಲೂಕು ಆಸ್ಪತ್ರೆಯೊಂದರ ಲೆಕ್ಕದ ಪುಸ್ತಕದಲ್ಲಿ ಕೂದಲು ಕಳೆದುಕೊಂಡು ರಿಟೈರ್ ಆದವರು. "2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅನ್ನೋ ಸ್ಕೀಮ್ ಬಂತಲ್ಲ, ಅದರಲ್ಲಿ ಒಂದೊಂದು ಚಿಕಿತ್ಸೆಗೆ ಒಂದೊಂದು ಪ್ಯಾಕೇಜು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದ ತನಕ. ದವಾಖಾನಿಯವರು ಕ್ಲೇಮ್ ಹಾಕಬೇಕು, ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ರೊಕ್ಕ ಕೊಡಬೇಕು."

"ಅಂದ್ರೆ ಬಲಗೈ ಬಿಲ್ ಬರೆಯುತ್ತದೆ, ಎಡಗೈ ರೊಕ್ಕ ಎಣಿಸುತ್ತದೆ ಅನ್ರಿ."

"ಎಡಗೈ ಮೊದಲು ಕ್ವೆರಿ ಹಾಕುತ್ತದೆ!"

ಕಾಶಿಗೆ ತನ್ನ ಮಾವ ನೆನಪಾದರು. ಹರ್ನಿಯಾ ಆಪರೇಷನ್ನು. ರೇಷನ್ ಕಾರ್ಡು, ಆಧಾರ್, ಜೆರಾಕ್ಸು ಎಲ್ಲಾ ಸರಿ. ಆದರೆ ಹೆಬ್ಬೆಟ್ಟು? ಜೀವನವಿಡೀ ಹೊಲದಲ್ಲಿ ಸವೆದ ಬೆರಳು, ಗೆರೆಯೇ ಇಲ್ಲ. ದವಾಖಾನಿಯಲ್ಲಿ ಸ್ಕೀಮಿನ ಕೆಲಸ ನೋಡುವ ಆರೋಗ್ಯಮಿತ್ರ ಹುಡುಗಿ ಪಾಪ, ಒದ್ದೆ ಬಟ್ಟೆಯಿಂದ ಒರೆಸಿದಳು. ಎಡಗೈ ಇಡಿಸಿದಳು. ನಡುಬೆರಳು ಒತ್ತಿಸಿದಳು. "ಹರ್ನಿಯಾ ಇದೆ ಅಂತ ಡಾಕ್ಟರು ಒಪ್ಪಿದರು. ಮಾವನೇ ಇದ್ದಾರೆ ಅಂತ ಮಷೀನು ಒಪ್ಪಲಿಲ್ಲ" ಅಂದ ಕಾಶಿ. ಕೊನೆಗೆ ಕಿರುಬೆರಳು ಕೈ ಹಿಡಿಯಿತು, ಅಪ್ರೂವಲ್ ಬಂತು.

"ಬೇಗ ಮನೆಗೆ ಬಂದರಾ?" ಕಾಕಾ ಕೇಳಿದರು.

"ಎಲ್ಲಿ! ಫ್ಯಾನ್ ಕೆಳಗಿನ ಹಾಸಿಗೆ ಸಿಕ್ಕಿತ್ತು. ಇನ್ನೂ ನೋವು ಅಂತ ಮಲಗೇ ಇದ್ದರು."

"ಹಂಗಾದ್ರೆ ನಿನ್ನ ಮಾವ ಲಾಸ್ ಕೇಸ್. ಪ್ಯಾಕೇಜ್ ರೊಕ್ಕ ಅಷ್ಟೇ ಬರೋದು, ಎಷ್ಟು ದಿನ ಮಲಗಿದರೂ."

ಕ್ಲೇಮಿನ ರೊಕ್ಕದಲ್ಲಿ ಒಂದಿಷ್ಟು ಸಿಬ್ಬಂದಿಗೆ ಪ್ರೋತ್ಸಾಹಧನ, ಉಳಿದದ್ದು ದವಾಖಾನಿಗೆ. ಇದು ಒಳ್ಳೇದೇ ಅಂತ ನನಗನ್ನಿಸುತ್ತದೆ. ಟ್ಯೂಬ್‌ಲೈಟಿಗೂ ಮೇಲಿನವರಿಗೆ ಪತ್ರ ಬರೆಯೋದು ತಪ್ಪಿತು, ದವಾಖಾನಿಯದೇ ಆರೋಗ್ಯ ರಕ್ಷಾ ಸಮಿತಿ ತೀರ್ಮಾನ ಮಾಡಬಹುದು. "ಸಮಿತಿ ಸಭೆ ಸೇರಿದರೆ" ಅಂತ ಕಾಕಾ ಚಹಾ ಊದುತ್ತಾ ಸೇರಿಸಿದರು.

"ನಮ್ಮ ಕಲಬುರಗಿಗೇನು ಕೊರತೆ?" ಮೆಡಿಕಲ್ ಶಾಪಿನ ಮೆಹಬೂಬ್ ಭಾಯ್ ಬಾಯಿ ಹಾಕಿದರು. "2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೊಸ ಕಟ್ಟಡವೇ ಬಂತು, ಕಲ್ಯಾಣ ಕರ್ನಾಟಕ ಮಂಡಳಿ ರೊಕ್ಕದಲ್ಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಕಲಂ 371ಜೆ ಇದೆಯಲ್ಲ, ಹಾಸಿಗೆನೂ ಸರಿಯಾಗಿ 371!"

"ಪುಣ್ಯ ನಮ್ಮದು" ಅಂದರು ಕಾಕಾ. "ಆ ಕಲಂ ಬಂದದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ. ಆ ನಂಬರ್ ಹಿಡಿದಿದ್ರೆ 98 ಹಾಸಿಗೆಗೇ ನಿಲ್ಲುತ್ತಿತ್ತು!"

ಕಟ್ಟಡಕ್ಕಾದರೆ ರಿಬ್ಬನ್ ಕಟ್ ಮಾಡಬಹುದು, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ನರ್ಸಮ್ಮನ ತಿಂಗಳ ಸಂಬಳಕ್ಕೆ ಯಾರು ರಿಬ್ಬನ್ ಕಟ್ಟುತ್ತಾರೆ? ಕೇಂದ್ರದ 2017ರ ಆರೋಗ್ಯ ನೀತಿ, 2025ರೊಳಗೆ ಜಿಡಿಪಿಯ ಶೇ 2.5ರಷ್ಟು ಸರ್ಕಾರಿ ಖರ್ಚು ಅಂದಿತ್ತು. 2025 ಟೈಮಿಗೆ ಸರಿಯಾಗಿ ಬಂತು. ಎರಡೂವರೆ ಬರಲಿಲ್ಲ.

ಅಷ್ಟರಲ್ಲಿ ಮಿರ್ಚಿ ಪ್ಲೇಟು ಖಾಲಿ. ಕಾಶಿ ಎದ್ದ. "ನನ್ನದು ಬಿಪಿಎಲ್, ಪೂರ್ತಿ ನೀವೇ ಕೊಡಬೇಕು." ದಲಾಲಿಗೆ ಬಿಪಿಎಲ್ ಕಾರ್ಡು ಹೇಗೆ ಬಂತು ಅನ್ನೋದು ಬೇರೆ ಹರಟೆ.

"ನನ್ನದು ಎಪಿಎಲ್. ಸ್ಕೀಮಿನಲ್ಲಿ ನನಗೂ ಶೇ 30 ಸಿಗುತ್ತದೆ" ಅಂದರು ಕಾಕಾ.

ಹೋಟೆಲಿನ ಅಣ್ಣ ಜಾಲರಿ ಕುಟ್ಟಿದ. "ಮಿರ್ಚಿ ತಿನ್ನೋ ಮೊದಲು ಅಪ್ರೂವಲ್ ತಗೊಂಡಿದ್ರಾ? ಇಲ್ಲ ಅಲ್ವಾ? ಕ್ಲೇಮ್ ರಿಜೆಕ್ಟ್. ನಗದು ಇಡ್ರಿ."